ಪದಕವಿಲ್ಲದ ಇಪ್ಪತ್ತು ವರ್ಷ ಮತ್ತು ಆಯ್ ಯೋಶಿದಾ

ಆಟದ ಅಂಗಳ: ಓದುಗರ ಪ್ರಶ್ನೆಗಳಿಗೆ ಸಾಗರದ ನಿವೃತ್ತ ಪಿ.ಟಿ. ಟೀಚರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ಹಿಂದಿನ ಸಂಚಿಕೆಯಲ್ಲಿ ಜಪಾನಿನ ಹಾಯಿದೋಣಿ ಆಟಗಾರ್ತಿ ಆಯ್ ಯೋಶಿದಾ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಗು ಹುಟ್ಟಿದ ಮರುವರ್ಷವೇ ವಿಶ್ವ ಚಾಂಪಿಯನ್ ಆದವಳು ಅಂತ. ಅಷ್ಟಕ್ಕೇ ಇಷ್ಟು ಪತ್ರ ಬಂದಿದ್ದು ನೋಡಿ ಖುಷಿಯಾಯಿತು. ಮೂರನ್ನು ಆರಿಸಿಕೊಂಡಿದ್ದೇನೆ. ಮೂವರೂ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಕಾಲೇಜಿನಲ್ಲಿದ್ದಾಗ ಖೊ-ಖೊ ಆಡುತ್ತಿದ್ದೆ. ಯೂನಿವರ್ಸಿಟಿ ಟೀಮಿನಲ್ಲೂ ಇದ್ದೆ. ಮದುವೆಯಾಗಿ ಅಡಿಕೆ ತೋಟದ ಮನೆಗೆ ಬಂದೆ. ಈಗ ಎಂಟು ತಿಂಗಳ ಮಗು ಇದೆ. ನನಗೆ 27 ವರ್ಷ. ಇಲ್ಲಿನ ಒಂದು ಕ್ಲಬ್ಬಿನವರು ಮತ್ತೆ ಆಡಲು ಬಾ ಅನ್ನುತ್ತಿದ್ದಾರೆ. ಮನೆಯಲ್ಲಿ ‘ಇನ್ನೆಂಥ ಆಟ’ ಅನ್ನುತ್ತಾರೆ. ನೀವು ಬರೆದಿದ್ದು ನಿಜವಾ? ಆಕೆಯ ಕಥೆ ಪೂರ್ತಿ ಹೇಳಿ.
ಓದುಗಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಜ, ತಂಗೀ. ಪೂರ್ತಿಯೇ ಹೇಳುತ್ತೇನೆ, ಕೂತು ಓದು.

ಆಯ್ ಹುಟ್ಟಿದ್ದು 1980ರ ನವೆಂಬರಿನಲ್ಲಿ, ಟೋಕಿಯೋದಲ್ಲಿ. ಮದುವೆಗೆ ಮೊದಲು ಆಯ್ ಕೊಂಡೊ. ಆಕೆಯ ದೋಣಿಯ ಹೆಸರು 470. ಉದ್ದ 4.70 ಮೀಟರ್, ಒಡಲಿನ ತೂಕ 120 ಕಿಲೋ. ಫ್ರಾನ್ಸಿನ ಆಂದ್ರೆ ಕೋರ್ನು 1963ರಲ್ಲಿ ರೂಪಿಸಿದ್ದು. ಒಲಿಂಪಿಕ್ಸಿಗೆ ಬಂದಿದ್ದು 1976ರಲ್ಲಿ, ಹೆಂಗಸರಿಗೆ ಬೇರೆ ಸ್ಪರ್ಧೆ ಅಂತ ಆಗಿದ್ದು 1988ರಲ್ಲಿ. ಎಂಜಿನ್ ಇಲ್ಲ, ಹುಟ್ಟು ಇಲ್ಲ. ಗಾಳಿ, ಹಾಯಿ ಮತ್ತು ಇಬ್ಬರು ಮನುಷ್ಯರು, ಅಷ್ಟೇ.

ಆ ಇಬ್ಬರು ಏನು ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ, ಯಾಕೆಂದ್ರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಹಿಂದೆ ಕೂತವಳ ಕೈಯಲ್ಲಿ ಚುಕ್ಕಾಣಿ ಮತ್ತು ದೊಡ್ಡ ಹಾಯಿಯ ಹಗ್ಗ. ಆಯ್ ಜಾಗ ಅದು. ಮುಂದಿನವಳದು ಸಣ್ಣ ಹಾಯಿ, ಜೊತೆಗೆ ಗಾಳಿ ಬೆನ್ನಿಗೆ ಬಂದಾಗ ಬಿಚ್ಚುವ ಬಣ್ಣದ ಹಾಯಿ, ಸ್ಪಿನೇಕರ್. ಗಾಳಿ ಜೋರಾದರೆ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ಆಗ ಮುಂದಿನವಳು ಸೊಂಟದ ಪಟ್ಟಿಯ ಕೊಕ್ಕೆಯನ್ನು ಕಂಬದಿಂದ ಇಳಿದ ತಂತಿಗೆ ಸಿಕ್ಕಿಸಿ, ಎರಡೂ ಪಾದ ದೋಣಿಯ ಅಂಚಿಗೆ ಒತ್ತಿ, ಮೈ ಪೂರ್ತಿ ನೀರಿನ ಮೇಲೆ ಚಾಚಿ ನಿಲ್ಲುತ್ತಾಳೆ. ಅದಕ್ಕೆ ಟ್ರಪೀಜ್ ಅನ್ನುತ್ತಾರೆ. ಗಾಳಿ ಸತ್ತಿತೋ, ತಟ್ಟನೆ ಒಳಗೆ ಬರಬೇಕು. ತಡವಾದರೆ ದೋಣಿ ಆಕೆಯ ಕಡೆಗೇ ಮಗುಚಬಹುದು. ಗಾಳಿ ಮತ್ತೆ ಎದ್ದಿತೋ, ಮತ್ತೆ ಹೊರಗೆ. ಒಂದು ರೇಸಿನಲ್ಲಿ ಎಷ್ಟು ಸಲ ಹೀಗೆ ಒಳಗೆ ಹೊರಗೆ ಆಗಬೇಕು ಅನ್ನೋದಕ್ಕೆ ಲೆಕ್ಕವೇ ಇಲ್ಲ. ಚೌಕದಲ್ಲಿ ಕೂತು, ಬೆನ್ನಿಗೆ ಖೊ ಬಿದ್ದ ಕೂಡಲೇ ಎದ್ದು ಓಡಿದವಳು ನೀನು. ಒಬ್ಬರ ಅರ್ಧ ಕ್ಷಣದ ತಡ ಇಡೀ ತಂಡಕ್ಕೆ ಎಷ್ಟು ದುಬಾರಿ ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ.

ಆಯ್ ಮೊದಲ ಒಲಿಂಪಿಕ್ಸ್ 2008ರ ಬೀಜಿಂಗ್. ಹಾಯಿದೋಣಿ ನಡೆದಿದ್ದು ಚಿಂಗ್‌ದಾವ್‌ನ ಸಮುದ್ರದಲ್ಲಿ. ಆಗ ಆಕೆಗೆ 27, ನಿನ್ನ ಈಗಿನ ವಯಸ್ಸು. ಜೊತೆಗಿದ್ದವಳು ನಾಓಕೊ ಕಮಾತಾ. ಬಂದಿದ್ದು 14ನೇ ಸ್ಥಾನ. 2012ರಲ್ಲಿ ಲಂಡನ್. ಜೊತೆಗಾರ್ತಿ ಬದಲಾಗಿದ್ದಳು, ವಕಾಕೊ ತಬಾತಾ. ಸ್ಥಾನ ಮಾತ್ರ ಬದಲಾಗಲಿಲ್ಲ, ಮತ್ತೆ 14. ಅಷ್ಟು ಹೊತ್ತಿಗೆ ಆಕೆಗೆ 31.

ಇಲ್ಲಿಗೆ ಸಾಕು ಅಂತ ಮನೆಗೆ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆಕೆ ಹೋಗಲಿಲ್ಲ. ಮಿಹೊ ಯೋಶಿಯೋಕಾ ಅನ್ನುವ ಹುಡುಗಿಯನ್ನು ಜೊತೆಗೆ ಹಾಕಿಕೊಂಡಳು. ಮಿಹೊ 1990ರ ಆಗಸ್ಟಿನಲ್ಲಿ ಹುಟ್ಟಿದವಳು, ಅಂದ್ರೆ ಹತ್ತು ವರ್ಷ ಕಿರಿಯಳು. ಎತ್ತರ 177 ಸೆಂಟಿಮೀಟರ್. ತಂತಿಗೆ ಜೋತು ನಿಲ್ಲುವವಳು ಎತ್ತರವಿದ್ದಷ್ಟೂ ಒಳ್ಳೆಯದು, ಅಷ್ಟು ದೂರಕ್ಕೆ ಮೈಭಾರ ಚಾಚಬಹುದು. ಈ ಜೋಡಿ 2016ರ ರಿಯೋ ಒಲಿಂಪಿಕ್ಸಿನಲ್ಲಿ 5ನೇ ಸ್ಥಾನಕ್ಕೆ ಬಂತು. 14ರಿಂದ 5ಕ್ಕೆ!

2017ರಲ್ಲಿ ಆಯ್‌ಗೆ ಗಂಡು ಮಗು ಆಯಿತು. ಗಂಡ ಯೂಗೊ ಯೋಶಿದಾ ಕೂಡ 470 ದೋಣಿಯವನೇ, ಲಂಡನ್ ಒಲಿಂಪಿಕ್ಸಿಗೆ ಹೋಗಿ ಬಂದವನು. ಹೆಂಡತಿ ಯಾಕೆ ಮತ್ತೆ ನೀರಿಗೆ ಇಳಿಯಬೇಕು ಅನ್ನುತ್ತಿದ್ದಾಳೆ ಅಂತ ಆತನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಿನ್ನ ಗಂಡನಿಗೂ ಇದನ್ನು ಓದಿ ಹೇಳು.

2018ರ ಆಗಸ್ಟ್. ಡೆನ್ಮಾರ್ಕಿನ ಆರ್ಹಸ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಆಯ್ ಮತ್ತು ಮಿಹೊ ಚಿನ್ನ ಗೆದ್ದರು. 470 ಹೆಂಗಸರ ವಿಭಾಗದಲ್ಲಿ ಜಪಾನಿನವರು ವಿಶ್ವ ಚಾಂಪಿಯನ್ ಆಗಿದ್ದು ಅದೇ ಮೊದಲು. ಆಗ ಆಕೆಗೆ 37, ಮನೆಯಲ್ಲಿ ಒಂದು ವರ್ಷ ದಾಟಿದ ಕೂಸು. ಅದೇ ತಿಂಗಳ ಕೊನೆಗೆ ಇಂಡೋನೇಷ್ಯಾದ ಏಷ್ಯನ್ ಗೇಮ್ಸಿನಲ್ಲೂ ಇದೇ ಜೋಡಿಗೆ ಚಿನ್ನ. ನಾನು ಇದನ್ನು ಮೊದಲು ಓದಿದ ದಿನ ನನ್ನ ಹಳೆಯ ಶಿಷ್ಯೆಯರಿಗೆಲ್ಲ ಫೋನ್ ಮಾಡಿ ಹೇಳಿದ್ದೆ. ಎಷ್ಟು ಹುಡುಗಿಯರು! ಜಿಲ್ಲೆಗೆ ಆಡಿದವರು, ರಾಜ್ಯಕ್ಕೆ ಆಡಿದವರು. ಮದುವೆ ಕಾಗದ ಕೊಡಲು ಬಂದಾಗ ಸ್ಪೈಕ್ ಶೂಗಳನ್ನು ತಂದು, ‘ಯಾರಿಗಾದ್ರೂ ಕೊಡಿ ಮೇಡಂ’ ಅಂತ ಇಟ್ಟು ಹೋದವರೂ ಇದ್ದಾರೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗಿದೆ.

ಈಗ ನಿನ್ನ ವಿಷಯ. ಆಯ್ ಮರಳಿ ಬಂದಳು ಅಂತ ನಾಳೆಯೇ ಪೋಲ್ ಡೈವ್ ಮಾಡಬೇಡ, ಮಾರಾಯ್ತಿ. ಮೊದಲು ಹೆರಿಗೆ ಮಾಡಿಸಿದ ಡಾಕ್ಟರಿಗೆ ತೋರಿಸು. ಸಿಸೇರಿಯನ್ ಆಗಿದ್ದರೆ ಅದನ್ನೂ ಹೇಳಿ ಕೇಳು. ಹೊಟ್ಟೆಯ ಸ್ನಾಯು, ಕೆಳಹೊಟ್ಟೆಯ ಸ್ನಾಯು ಗಟ್ಟಿಯಾಗುವ ಮೊದಲು ಓಟಕ್ಕೆ ಇಳಿಯಬಾರದು. ಬಸುರಿಯಲ್ಲಿ ಸಡಿಲವಾದ ಕೀಲುಗಳು ಬಿಗಿಯಾಗಲು ತಿಂಗಳುಗಳೇ ಬೇಕು. ಖೊ-ಖೊದಲ್ಲಿ ಮಂಡಿ ಮತ್ತು ಹಿಮ್ಮಡಿಗೆ ಬೀಳುವ ಹೊಡೆತ ನಿನಗೆ ಗೊತ್ತಲ್ಲ. ಶಿವಮೊಗ್ಗದಲ್ಲಿ ಫಿಸಿಯೋಥೆರಪಿಯವರು ಇದ್ದಾರೆ, ಒಮ್ಮೆ ಹೋಗಿ ಬಾ. ಆಮೇಲೆ ತೋಟದ ದಾರಿಯಲ್ಲಿ ಬಿರುಸು ನಡಿಗೆ, ಆಮೇಲೆ ನಿಧಾನ ಓಟ, ಆಮೇಲೆ ಅಂಕುಡೊಂಕು ಓಟ. ಮಗು ಹಾಲು ಕುಡಿಯುತ್ತಿದ್ದರೆ ಕುಡಿಸಿಯೇ ಮೈದಾನಕ್ಕೆ ಹೋಗು, ನಿನಗೂ ಆರಾಮ. ಊಟ ಮತ್ತು ನೀರು ಜಾಸ್ತಿ ಬೇಕು. ಬಾಣಂತಿ ಪಥ್ಯ ಅಂತ ಇನ್ನೂ ಬರೀ ಅನ್ನ ಸಾರು ಹಾಕುತ್ತಿದ್ದರೆ, ಮೊಟ್ಟೆ, ಕಾಳು, ಸೊಪ್ಪು ಬೇಕು ಅಂತ ಬಾಯಿಬಿಟ್ಟು ಕೇಳು.

ಅತ್ತೆಯ ಹತ್ತಿರ ಜಗಳ ಬೇಡ. ಅವರನ್ನೇ ಒಂದು ಸಂಜೆ ಮೈದಾನಕ್ಕೆ ಕರೆದುಕೊಂಡು ಹೋಗು, ಮಗು ಅವರ ತೊಡೆಯ ಮೇಲಿರಲಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ-ಖೊ ವಿಶ್ವಕಪ್ಪನ್ನು ನಮ್ಮ ಹೆಂಗಸರ ತಂಡ ಗೆದ್ದಿತಲ್ಲ, ಅದರಲ್ಲಿ ಮೈಸೂರು ಕಡೆಯ ಚೈತ್ರಾ ಆಡಿದ್ದು ನೋಡಿದ್ದೀಯಾ? ಆ ವಿಡಿಯೋವನ್ನೂ ಅವರಿಗೆ ತೋರಿಸು. ನೀನು ಬಿಟ್ಟಾಗ ಇದ್ದ ಆಟವಲ್ಲ ಇದು ಈಗ.

ಪ್ರಶ್ನೆ: ಮಾನ್ಯರೇ, ನೀವು ಹೊಗಳಿದ ಆಟಗಾರ್ತಿ ನಾಲ್ಕು ಒಲಿಂಪಿಕ್ಸ್ ಆಡಿಯೂ ಒಂದು ಪದಕ ತಂದಿಲ್ಲ ಎಂದು ನನ್ನ ಮೊಮ್ಮಗ ಮೊಬೈಲಿನಲ್ಲಿ ನೋಡಿ ಹೇಳಿದ. ಇಂಥವರನ್ನು ಮಕ್ಕಳಿಗೆ ಮಾದರಿಯಾಗಿ ತೋರಿಸುವುದು ಸರಿಯೇ? ಇವರ ಮೇಲೆ ದೇಶ ಖರ್ಚು ಮಾಡುವುದರಿಂದ ಏನು ಬಂತು?
ನಿವೃತ್ತ ಬ್ಯಾಂಕ್ ನೌಕರರು, ವಿನೋಬನಗರ, ಶಿವಮೊಗ್ಗ

ಉತ್ತರ: ಸರ್, ನಿಮ್ಮ ಮೊಮ್ಮಗ ಹೇಳಿದ ಲೆಕ್ಕ ಸರಿ. 14, 14, 5, 7. ಕೊನೆಯ 7 ಟೋಕಿಯೋದ್ದು, 2021ರಲ್ಲಿ ನಡೆದಿದ್ದು. ಆದರೆ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಈ ಆಟದ ಅಂಕ ನೋಡಿ. ನೀವು ಬ್ಯಾಂಕಿನವರು, ಬೇಗ ಹಿಡಿಯುತ್ತೀರಿ. ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2, ಹತ್ತನೆಯವರಿಗೆ 10. ದಿನಗಟ್ಟಲೆ ಹಲವು ರೇಸ್ ನಡೆಯುತ್ತವೆ. ಎಲ್ಲವನ್ನೂ ಕೂಡಿ, ಒಂದು ಕೆಟ್ಟ ರೇಸನ್ನು ಬಿಟ್ಟುಬಿಡುತ್ತಾರೆ. ಮೇಲಿನ ಹತ್ತು ದೋಣಿಗಳು ಕೊನೆಯ ರೇಸಿಗೆ ಹೋಗುತ್ತವೆ, ಅಲ್ಲಿ ಅಂಕ ಎರಡು ಪಟ್ಟು. ಯಾರ ಮೊತ್ತ ಕಡಿಮೆಯೋ ಅವರು ಗೆದ್ದರು. ಒಂದು ದಿನ ಮಿಂಚಿದರೆ ಇಲ್ಲಿ ಏನೂ ಸಿಗುವುದಿಲ್ಲ. ವಾರಪೂರ್ತಿ, ಗಾಳಿ ಇದ್ದ ದಿನ ಇಲ್ಲದ ದಿನ ಎರಡರಲ್ಲೂ, ಕೆಟ್ಟದಾಗಿ ಆಡದೇ ಇರಬೇಕು. ಒಲಿಂಪಿಕ್ಸಿನಲ್ಲಿ ಒಂದು ದೇಶಕ್ಕೆ ಒಂದೇ ದೋಣಿ. ಅಂದ್ರೆ ಅಲ್ಲಿ ನೀರಿನ ಮೇಲಿರುವ ಪ್ರತಿ ಜೋಡಿಯೂ ತನ್ನ ದೇಶದಲ್ಲಿ ಮೊದಲನೆಯದು. ಅವರ ನಡುವೆ ಐದನೆಯವಳಾಗುವುದು ಸಣ್ಣ ಮಾತಲ್ಲ.

ಈಗ ಜಪಾನಿನ ಪದಕಗಳನ್ನು ಸಾಲಾಗಿ ಇಟ್ಟು ನೋಡಿ. ಹಾಯಿದೋಣಿಯಲ್ಲಿ ಆ ದೇಶಕ್ಕೆ ಮೊದಲ ಒಲಿಂಪಿಕ್ ಪದಕ ಬಂದಿದ್ದು 1996ರಲ್ಲಿ. ಯುಮಿಕೊ ಶಿಗೆ ಮತ್ತು ಅಲಿಸಿಯಾ ಕಿನೊಶಿತಾ, ಬೆಳ್ಳಿ. ಎರಡನೆಯದು 2004ರ ಅಥೆನ್ಸ್, ಕಝುತೊ ಸೆಕಿ ಮತ್ತು ಕೆಂಜಿರೊ ತೊದೊರೊಕಿ, ಕಂಚು. ಮೂರನೆಯದು 2024ರ ಆಗಸ್ಟ್ 8, ಪ್ಯಾರಿಸ್ ಒಲಿಂಪಿಕ್ಸ್. ಮಾರ್ಸೇಲ್‌ನ ಸಮುದ್ರದಲ್ಲಿ ಗಂಡು–ಹೆಣ್ಣು ಜೋಡಿಯ 470ರಲ್ಲಿ ಬೆಳ್ಳಿ. ಮೂರೂ ಪದಕ 470 ದೋಣಿಯಿಂದಲೇ ಬಂದವು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಇಪ್ಪತ್ತು ವರ್ಷ. ಆಯ್ ಆಡಿದ ನಾಲ್ಕೂ ಒಲಿಂಪಿಕ್ಸ್ ಆ ಇಪ್ಪತ್ತು ವರ್ಷದ ಒಳಗೇ ಬಿದ್ದಿವೆ.

ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದ ಇಬ್ಬರು ಯಾರು ಗೊತ್ತಾ ಸರ್? ಚುಕ್ಕಾಣಿ ಹಿಡಿದವನು ಕೇಜು ಒಕಾದಾ. ತಂತಿಗೆ ಜೋತು ನಿಂತವಳು ಮಿಹೊ ಯೋಶಿಯೋಕಾ. ಹೌದು, ಅದೇ ಮಿಹೊ. ರಿಯೋದಿಂದ ಟೋಕಿಯೋ ತನಕ ಆಯ್ ದೋಣಿಯಲ್ಲಿ ಇದ್ದವಳು. ಟೋಕಿಯೋ ಆದ ಮೇಲೆ ಒಲಿಂಪಿಕ್ಸಿನಲ್ಲಿ 470ರ ಗಂಡಸರ ಮತ್ತು ಹೆಂಗಸರ ಸ್ಪರ್ಧೆ ಎರಡನ್ನೂ ತೆಗೆದು, ಒಂದೇ ಮಿಶ್ರ ಸ್ಪರ್ಧೆ ಮಾಡಿದರು. ಆಯ್ ಇಲ್ಲದ ದೋಣಿಯಲ್ಲಿ ಮಿಹೊ ಪದಕ ಗೆದ್ದಳು. ಆ ಕೈ, ಆ ಕಣ್ಣು, ಗಾಳಿ ತಿರುಗುವ ಮೊದಲೇ ಮೈ ತಿರುಗಿಸುವ ಆ ಅಭ್ಯಾಸ ಆಯ್ ಹಿಂದೆ ಕೂತಿದ್ದಾಗ ಬೆಳೆದಿದ್ದಲ್ಲವಾ? ನನಗಂತೂ ಅನುಮಾನವಿಲ್ಲ. ಆ ಬೆಳ್ಳಿಯಲ್ಲಿ ಆಯ್ ಪಾಲು ಇದೆ. ಯಾವ ಪಟ್ಟಿಯಲ್ಲೂ ಅದನ್ನು ಬರೆಯುವುದಿಲ್ಲ ಅಷ್ಟೇ.

ಖರ್ಚಿನ ಮಾತಿಗೆ ಬರುತ್ತೇನೆ. ಜಪಾನಿನಲ್ಲಿ ಹೀಗೆ ಆಡುವವರನ್ನು ಕಂಪನಿಗಳು ನೌಕರಿಗೆ ತೆಗೆದುಕೊಳ್ಳುತ್ತವೆ. ಆಯ್ ಮತ್ತು ಮಿಹೊ ಬೆನಿಫಿಟ್ ವನ್ ಅನ್ನುವ ಕಂಪನಿಯ ಹೆಸರಿನಲ್ಲಿ ಆಡುತ್ತಿದ್ದವರು. ಕಾಲೇಜುಗಳಲ್ಲಿ ಹಾಯಿದೋಣಿ ಕ್ಲಬ್ಬುಗಳಿವೆ, ವಿದ್ಯಾರ್ಥಿಗಳು 470 ಮತ್ತು ಸ್ನೈಪ್ ಅನ್ನುವ ದೋಣಿಗಳಲ್ಲಿ ಸ್ಪರ್ಧೆ ಮಾಡುತ್ತಾರೆ. ಹಾಗಾಗಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಇರುತ್ತಾರೆ. ನಮ್ಮಲ್ಲೂ ರೈಲ್ವೆ, ಪೊಲೀಸ್, ನಿಮ್ಮ ಬ್ಯಾಂಕುಗಳು ಕಬಡ್ಡಿ, ವಾಲಿಬಾಲ್ ಆಡುವವರಿಗೆ ಕೆಲಸ ಕೊಟ್ಟವು. ಆ ಸಂಬಳದ ಮೇಲೇ ಎಷ್ಟೋ ಮನೆ ನಡೆದಿವೆ. ಅವರೆಲ್ಲ ಪದಕ ತಂದರಾ? ಇಲ್ಲ. ಆದರೆ ಸಂಜೆ ಹೊತ್ತು ಮೈದಾನದಲ್ಲಿ ಮಕ್ಕಳಿಗೆ ಕಲಿಸುತ್ತ ನಿಂತವರು ಬಹಳಷ್ಟು ಸಲ ಅವರೇ.

ಮೊಮ್ಮಗನಿಗೆ 2018ರ ಆರ್ಹಸ್ ಫಲಿತಾಂಶವನ್ನೂ ಹುಡುಕಲು ಹೇಳಿ. 2019ರಲ್ಲಿ ಎನೊಶಿಮಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ಬೆಳ್ಳಿಯನ್ನೂ. ಟೋಕಿಯೋ ಒಲಿಂಪಿಕ್ಸಿನ ಹಾಯಿದೋಣಿ ನಡೆದಿದ್ದೂ ಅದೇ ಎನೊಶಿಮಾದಲ್ಲಿ. ತನ್ನ ಊರಿನ ನೀರು, ನಲವತ್ತರ ವಯಸ್ಸು, ನಾಲ್ಕು ವರ್ಷದ ಮಗ, ಕೊರೋನಾದಿಂದ ಒಂದು ವರ್ಷ ಮುಂದೆ ಹೋದ ಪಂದ್ಯ. ಅಷ್ಟೆಲ್ಲ ಆಗಿ ಏಳನೇ ಸ್ಥಾನ. ಎಷ್ಟು ನೋವಾಗಿರಬೇಕು! ಆದರೂ ಸರ್, ನಿಮ್ಮ ಮೊಮ್ಮಗನಿಗೆ ಮಾದರಿಯಾಗಿ ತೋರಿಸಲು ಯಾರು ಅಂತ ನನ್ನನ್ನು ಕೇಳಿದರೆ, ನಾನು ಇವಳನ್ನೇ ತೋರಿಸುತ್ತೇನೆ.

ಪ್ರಶ್ನೆ: ಅಕ್ಕೋರೇ, ನಾನು ಪಿಯುಸಿ ಎರಡನೇ ವರ್ಷ. ನಮ್ಮದು ತುಮರಿ ಹತ್ತಿರ. ಮನೆ ಎದುರಿಗೇ ಹಿನ್ನೀರು. ಸಣ್ಣವನಿದ್ದಾಗಿಂದ ಲಾಂಚ್ ಮತ್ತು ತೆಪ್ಪ ಬಿಟ್ಟರೆ ಬೇರೆ ನೋಡಿಲ್ಲ. ಗಾಳಿ ಎದುರಿಗೆ ಬಂದಾಗ ಹಾಯಿದೋಣಿ ಮುಂದೆ ಹೋಗುವುದು ಹೇಗೆ? ನಮ್ಮ ಹಿನ್ನೀರಿನಲ್ಲಿ ಕಲಿಯಬಹುದಾ? ಸಮುದ್ರವೇ ಬೇಕಾ?
ವಿದ್ಯಾರ್ಥಿ, ಸಾಗರ ತಾಲ್ಲೂಕು

ಉತ್ತರ: ಒಳ್ಳೆಯ ಪ್ರಶ್ನೆ ಮಗಾ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗುವುದಿಲ್ಲ. ಹಾಯಿ ಪಟಪಟ ಬಡಿದುಕೊಂಡು ನಿಂತುಬಿಡುತ್ತದೆ. ದೋಣಿಯನ್ನು ಸುಮಾರು 45 ಡಿಗ್ರಿ ಓರೆ ಮಾಡಿದರೆ ಹಾಯಿ ಉಬ್ಬುತ್ತದೆ. ಉಬ್ಬಿದ ಹಾಯಿಯ ಎರಡು ಮೈಗಳ ಮೇಲೆ ಗಾಳಿಯ ಒತ್ತಡ ಬೇರೆ ಬೇರೆ ಆಗಿ, ದೋಣಿಯನ್ನು ಮುಂದಕ್ಕೂ ಪಕ್ಕಕ್ಕೂ ಎಳೆಯುತ್ತದೆ. ಪಕ್ಕಕ್ಕೆ ಜಾರದ ಹಾಗೆ ತಡೆಯಲು ದೋಣಿಯ ನಡುವಿನಿಂದ ನೀರಿನೊಳಗೆ ಒಂದು ಹಲಗೆ ಇಳಿಬಿಟ್ಟಿರುತ್ತಾರೆ. ಉಳಿದಿದ್ದು ಮುಂದಕ್ಕೆ ಹೋಗುವುದು ಮಾತ್ರ. ಸ್ವಲ್ಪ ದೂರ ಹೀಗೆ ಹೋಗಿ, ಮೂತಿ ತಿರುಗಿಸಿ, ಇನ್ನೊಂದು ಕಡೆಗೆ ಓರೆಯಾಗಿ ಹೋಗಬೇಕು. ಆಗುಂಬೆ ಘಾಟಿಯಲ್ಲಿ ಬಸ್ಸು ತಿರುವು ತಿರುವಾಗಿ ಮೇಲೆ ಹತ್ತುತ್ತದಲ್ಲ, ಹಾಗೆ. ಯಾವಾಗ ತಿರುಗಿಸಬೇಕು ಅನ್ನುವುದರಲ್ಲೇ ಆಟ ಇರುವುದು. ಗಾಳಿ ಒಂದು ಹತ್ತು ಡಿಗ್ರಿ ಸರಿದರೆ, ಅದನ್ನು ಮೊದಲು ಕಂಡವನು ಮುಂದೆ ಹೋಗುತ್ತಾನೆ.

ಅದನ್ನು ಕಾಣುವುದು ನೀರಿನ ಮೇಲೆ. ಸೇತುವೆ ಆಗುವ ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತ ಕೂತಾಗ ನೀನೂ ನೋಡಿರುತ್ತೀಯ. ಮಧ್ಯಾಹ್ನದ ಮೇಲೆ ಹಿನ್ನೀರು ಹೊಳೆಯುತ್ತಾ ಸುಮ್ನೆ ಬಿದ್ದಿರುತ್ತದೆ. ದೂರದಲ್ಲಿ ಒಂದು ಕಡೆ ಮಾತ್ರ ನೀರು ಕಪ್ಪಗಾಗಿ ಸಣ್ಣಗೆ ಸುಕ್ಕುಗಟ್ಟುತ್ತದೆ. ಆ ಕಪ್ಪು ಪಟ್ಟೆ ನಮ್ಮ ಕಡೆಗೆ ಸರಿಯುತ್ತಾ ಬರುತ್ತದೆ. ದಡಕ್ಕೆ ಬಂದ ಕೂಡಲೇ ಗಾಳಿ ಮುಖಕ್ಕೆ ಬಡಿಯುತ್ತದೆ. ಹಾಯಿದೋಣಿಯವರು ಹುಡುಕುವುದು ಅದನ್ನೇ. ನೀನು ಈಗಲೇ ಶುರು ಮಾಡಬಹುದು. ದಿನಾ ಸಂಜೆ ದಡದಲ್ಲಿ ಕೂತು, ಗಾಳಿ ಯಾವ ಗುಡ್ಡದ ಸಂದಿಯಿಂದ ಬಂತು, ಎಷ್ಟು ಹೊತ್ತು ಇತ್ತು, ಯಾವಾಗ ತಿರುಗಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡು. ಗುಡ್ಡಗಳ ನಡುವಿನ ಗಾಳಿ ಸಮುದ್ರದ ಗಾಳಿಯ ಹಾಗೆ ಒಂದೇ ಸಮ ಇರುವುದಿಲ್ಲ. ಅದನ್ನು ಓದಲು ಕಲಿತವನಿಗೆ ಸಮುದ್ರದ ಗಾಳಿ ಕಷ್ಟವಾಗಲಾರದು.

ಸಮುದ್ರವೇ ಬೇಕಾಗಿಲ್ಲ. ಭೋಪಾಲಕ್ಕೆ ಸಮುದ್ರ ಎಲ್ಲಿದೆ? ಅಲ್ಲಿನ ದೊಡ್ಡ ಕೆರೆಯಲ್ಲಿ ಕಲಿತ ನೇಹಾ ಠಾಕೂರ್ 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಬೆಳ್ಳಿ ಗೆದ್ದಳು, ಆಗ ಆಕೆಗೆ 17. ಹೈದರಾಬಾದಿನ ಹುಸೇನ್ ಸಾಗರದಲ್ಲೂ ಮಕ್ಕಳು ಕಲಿಯುತ್ತಾರೆ. ಜಪಾನಿನಲ್ಲಿ ಬಿವಾ ಸರೋವರದ ಮೇಲೆ ಕಾಲೇಜಿನವರು 470 ಓಡಿಸುತ್ತಾರೆ. ಲಿಂಗನಮಕ್ಕಿ ಅಣೆಕಟ್ಟು ಆಗಿದ್ದು 1964ರಲ್ಲಿ. ಎನೊಶಿಮಾದ ದೋಣಿ ಬಂದರನ್ನು ಕಟ್ಟಿದ್ದೂ 1964ರ ಟೋಕಿಯೋ ಒಲಿಂಪಿಕ್ಸಿಗೆ. ಅಲ್ಲಿ ಅಂದಿನಿಂದ ಎಷ್ಟು ತಲೆಮಾರು ಹಾಯಿ ಬಿಚ್ಚಿವೆ! ನಮ್ಮ ಹಿನ್ನೀರು ನಿಮ್ಮ ಅಜ್ಜಂದಿರ ಗದ್ದೆ ತೋಟ ಮುಳುಗಿಸಿ ನಿಂತ ನೀರು. ಕರೆಂಟು ಎಲ್ಲರಿಗೂ ಹೋಯಿತು. ಆ ನೀರಿನ ಮೇಲೆ ನಿಮ್ಮ ಊರಿನ ಮಕ್ಕಳಿಗೆ ಒಂದು ಹಾಯಿದೋಣಿ ಶಾಲೆ ಸಿಗಬೇಕು ಅಂತ ನಾನು ಅನೇಕ ಸಭೆಗಳಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಸರ್ಕಾರದವರು ಇದನ್ನು ಓದುತ್ತಿದ್ದರೆ, ಎರಡು ದೋಣಿ ಮತ್ತು ಒಬ್ಬ ಕೋಚ್ ಕೊಟ್ಟು ನೋಡಲಿ.

ಅಲ್ಲಿಯವರೆಗೆ ನೀನು ಮಾಡಬಹುದಾದ್ದು ಇದೆ. ಈಜು ಚೆನ್ನಾಗಿ ಕಲಿ, ಬಟ್ಟೆ ಹಾಕಿಕೊಂಡು ಈಜುವುದನ್ನೂ. ಹೊನ್ನೇಮರಡಿನಲ್ಲಿ ಕಯಾಕ್, ತೆಪ್ಪ ಕಲಿಸುತ್ತಾರೆ, ನಿಮಗೆ ದೂರವೇನಲ್ಲ. ನೀರಿನ ಮೇಲೆ ಮೈ ಸಮತೋಲ ಹಿಡಿಯುವುದು ಅಲ್ಲಿ ಬರುತ್ತದೆ. ಡಿಗ್ರಿಗೆ ಮಂಗಳೂರು, ಉಡುಪಿ ಕಡೆ ಹೋಗುವುದಾದರೆ, ಎನ್‌ಸಿಸಿಯ ನೌಕಾ ವಿಭಾಗ ಇರುವ ಕಾಲೇಜು ಯಾವುದು ಅಂತ ಮೊದಲೇ ವಿಚಾರಿಸಿ ಸೇರು. ಅಲ್ಲಿ ಹಾಯಿದೋಣಿ ಹತ್ತಲು ಸಿಗುತ್ತದೆ. ಹದಿನೈದು ವರ್ಷದವರೆಗಿನ ಮಕ್ಕಳು ಆಪ್ಟಿಮಿಸ್ಟ್ ಅನ್ನುವ ಪುಟ್ಟ ದೋಣಿಯಲ್ಲಿ ಕಲಿಯುತ್ತಾರೆ, ನಿನ್ನ ವಯಸ್ಸು ಅದನ್ನು ದಾಟಿದೆ. ನೀನು ಐಎಲ್‌ಸಿಎ ಅನ್ನುವ ಒಬ್ಬರ ದೋಣಿಯಿಂದ ಶುರು ಮಾಡಬೇಕು. ನಮ್ಮ ವಿಷ್ಣು ಸರವಣನ್ ಟೋಕಿಯೋ ಮತ್ತು ಪ್ಯಾರಿಸ್ ಒಲಿಂಪಿಕ್ಸಿಗೆ ಹೋಗಿದ್ದು ಅದರಲ್ಲೇ.

ಒಂದು ಮಾತು ಮಾತ್ರ ಮರೆಯಬೇಡ. ತೆಪ್ಪದ ಮೇಲೆ ಸೀರೆಯನ್ನೋ ಟಾರ್ಪಾಲನ್ನೋ ಕಟ್ಟಿ ನೀನೇ ಹಾಯಿ ಮಾಡಿ ನೋಡುವ ಆಸೆ ಆಗುತ್ತದೆ, ನನಗೆ ಗೊತ್ತು. ಬೇಡ. ಹಿನ್ನೀರಿನ ಕೆಳಗೆ ಮುಳುಗಿದ ಮರಗಳ ಬೊಡ್ಡೆಗಳಿವೆ, ಬೇಸಿಗೆಯಲ್ಲಿ ನೀರಿಳಿದಾಗ ನೀನೇ ನೋಡಿದ್ದೀಯ. ಲೈಫ್ ಜಾಕೆಟ್ ಇಲ್ಲದೆ, ದಡದಲ್ಲಿ ಒಬ್ಬರು ದೊಡ್ಡವರಿಲ್ಲದೆ ನೀರಿಗೆ ಇಳಿಯಬೇಡ. ಪರೀಕ್ಷೆ ಮುಗಿದ ಮೇಲೆ ಆ ಗಾಳಿಯ ನೋಟ್‌ಬುಕ್ ತೆಗೆದುಕೊಂಡು ಅಪ್ಪನ ಜೊತೆ ಸಾಗರಕ್ಕೆ ಬಾ. ಪತ್ರಿಕೆ ಕಚೇರಿಗೆ ಫೋನ್ ಮಾಡಿದರೆ ನನ್ನ ಮನೆ ಎಲ್ಲಿ ಅಂತ ಹೇಳುತ್ತಾರೆ.